ದಡದಲ್ಲಿ ನಿಂತು ಬ್ಯಾಸ್ ಹಿಡಿಯೋಕೆ ಕಡಿಮೆ ಬೆಲೆಯ ಸ್ಪಿನ್ನರ್‌ಬೇಟ್ ಯಾವುದು? (ಡಲ್ಲಾಸ್ ಕಡೆಯವರು ದಯವಿಟ್ಟು ಹೇಳಿ)

ಹೊಸಗಾಳ_ಲಿಟಲ್‌ಎಲ್ಮ್

ಎಲ್ಲರಿಗೂ ನಮಸ್ಕಾರ. ಊರು ಹಾಸನದ ಕಡೆ, ಈಗ ಇರುವುದು ಟೆಕ್ಸಾಸಿನ ಲಿಟಲ್ ಎಲ್ಮ್‌ನಲ್ಲಿ. ಮನೆ ಹಿಂದೆಯೇ ಒಂದು ಪಾಂಡ್ ಇದೆ. ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಲೂಯಿಸ್‌ವಿಲ್ ಲೇಕ್. ಬೋಟ್ ಇಲ್ಲ, ತಗೊಳ್ಳುವ ಯೋಚನೆಯೂ ಇಲ್ಲ. ದಡದಲ್ಲಿ ನಿಂತೇ ಲಾರ್ಜ್‌ಮೌತ್ ಬ್ಯಾಸ್ (ದೊಡ್ಡ ಬಾಯಿಯ ಸಿಹಿನೀರಿನ ಮೀನು) ಹಿಡಿಯಬೇಕು ಅಂತ ಆಸೆ. ಆರೂವರೆ ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, ರೀಲ್ ಕಾಂಬೊ ತಂದಿದ್ದೇನೆ. 10 ಪೌಂಡ್ ಎಳೆತ ತಡೆಯುವ ಮೊನೊ (ಒಂದೇ ಎಳೆಯ ನೈಲಾನ್) ಲೈನ್ ಸುತ್ತಿದೆ.

ಊರಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿ ಕೂತಿದ್ದು ಗೊತ್ತು, ಎಸೆದು ಎಳೆಯುವ ಆಟ ಹೊಸದು. ಇಲ್ಲಿ ಕೇಳಿದವರೆಲ್ಲ ‘ಸ್ಪಿನ್ನರ್‌ಬೇಟ್‌ನಿಂದ ಶುರು ಮಾಡು’ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ 12ರ ಪ್ಯಾಕ್ 14 ಡಾಲರಿಗೆ ಸಿಗುತ್ತಿದೆ. ಅಂಗಡಿಯಲ್ಲಿ ನೋಡಿದರೆ ಒಂದೊಂದಕ್ಕೇ 5, 6, ಕೆಲವಕ್ಕೆ 9 ಡಾಲರ್. ನೋಡೋಕೆ ಎಲ್ಲ ಒಂದೇ ತರ ಇವೆ. ನನ್ನ ಬಜೆಟ್ 20 ಡಾಲರ್. ಆ ದೊಡ್ಡ ಪ್ಯಾಕ್ ತಗೊಂಡರೆ ಆಗಲ್ವಾ?

ಏರಿಮೇಲೆ_ಶೆಟ್ರು

ದೊಡ್ಡ ಪ್ಯಾಕ್ ಬಿಡಿ. ಅದೇ ದುಡ್ಡಿಗೆ ಸರಿಯಾದವು ಎರಡೋ ಮೂರೋ ತಗೊಳ್ಳಿ.

ಸೇಫ್ಟಿ ಪಿನ್ ಬಿಚ್ಚಿದ ಹಾಗೆ ಬಾಗಿಸಿದ ಒಂದು ತಂತಿ. ಕೆಳಗಿನ ತುದಿಯಲ್ಲಿ ಸೀಸದ ತಲೆ, ಕೊಕ್ಕೆ, ಅದರ ಮೇಲೆ ಸಿಲಿಕಾನ್ ಎಳೆಗಳ ಸ್ಕರ್ಟ್. ಮೇಲಿನ ತುದಿಯಲ್ಲಿ ಸ್ವಿವೆಲ್ (ಸುತ್ತ ತಿರುಗುವ ಕೊಂಡಿ), ಅದಕ್ಕೆ ತೂಗಿಬಿಟ್ಟ ಬ್ಲೇಡ್. ಇಷ್ಟೇ ಸ್ಪಿನ್ನರ್‌ಬೇಟ್. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಬಣ್ಣದ ಮೇಲೆ, ತಲೆಯ ಮೇಲೆ ಬರೆದ ಕಣ್ಣಿನ ಮೇಲೆ. ದುಡ್ಡು ಇರುವುದು ಮೂರು ಕಡೆ: ಸ್ವಿವೆಲ್, ಕೊಕ್ಕೆ, ತಂತಿ.

ಅದರಲ್ಲೂ ಸ್ವಿವೆಲ್. ಒಳ್ಳೆಯದರಲ್ಲಿ ಬಾಲ್ ಬೇರಿಂಗ್ ಇರುತ್ತದೆ. ತೀರಾ ಕಡಿಮೆ ಬೆಲೆಯದರಲ್ಲಿ ಬೇರಿಂಗ್ ಇಲ್ಲದ ಮಾಮೂಲಿ ಸ್ವಿವೆಲ್ ಹಾಕಿರುತ್ತಾರೆ. ಜೋರಾಗಿ ಎಳೆದಾಗ ಎರಡೂ ತಿರುಗುತ್ತವೆ, ಅದಕ್ಕೇ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಧಾನಕ್ಕೆ ಎಳೆದಾಗ ಮಾಮೂಲಿಯದು ತಡವರಿಸಿ ನಿಂತುಬಿಡುತ್ತದೆ. ದಡದಿಂದ ಬ್ಯಾಸ್ ಹಿಡಿಯುವವರಿಗೆ ನಿಧಾನವೇ ಬೇಕಾದದ್ದು. ಬ್ಲೇಡ್ ತಿರುಗದಿದ್ದರೆ ನೀರಿನಲ್ಲಿ ಹೋಗುತ್ತಿರುವುದು ಸುಮ್ನೆ ಒಂದು ತಂತಿ ಮತ್ತು ಸೀಸ.

ಪರೀಕ್ಷೆ ಸುಲಭ. ಲೈನ್ ಕಟ್ಟುವ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಬ್ಲೇಡ್ ಮೇಲೆ ಮೆಲ್ಲಗೆ ಬಾಯಿಂದ ಊದಿ. ಊದಿದ ಕೂಡಲೇ ತಿರುಗಿ, ಊದುವುದು ನಿಲ್ಲಿಸಿದ ಮೇಲೂ ಒಂದೆರಡು ಸುತ್ತು ಹೋದರೆ ಸರಿ. ಪ್ಯಾಕ್ ಬಿಚ್ಚುವ ಹಾಗಿಲ್ಲದಿದ್ದರೆ ಹಿಂದಿನ ಕಾರ್ಡಿನಲ್ಲಿ ಬಾಲ್ ಬೇರಿಂಗ್ ಅಂತ ಬರೆದಿದೆಯಾ ಓದಿ. ಬರೆಯದೆ ಬಿಟ್ಟಿದ್ದರೆ ಇಲ್ಲ ಅಂತಲೇ ತಿಳಿದುಕೊಳ್ಳಿ. ಇದ್ದವರು ಹೇಳಿಕೊಳ್ಳದೆ ಇರುವುದಿಲ್ಲ.

ಕೊಕ್ಕೆಗೆ ಹೆಬ್ಬೆರಳಿನ ಉಗುರು. ಮೊನೆಯನ್ನು ಉಗುರಿನ ಮೇಲೆ ಹಗುರವಾಗಿ ಎಳೆಯಿರಿ. ಕಚ್ಚಿಕೊಂಡರೆ ಚೂಪು, ಜಾರಿದರೆ ಮೊಂಡು. ಮೊಂಡಾದರೆ ಎಸೆಯಬೇಕಾಗಿಲ್ಲ, ಸಣ್ಣ ಅರದಲ್ಲಿ ಉಜ್ಜಿದರೆ ಸರಿಹೋಗುತ್ತದೆ.

ನಿಮ್ಮ ರಾಡಿಗೆ ಕಾಲು ಔನ್ಸ್, ಅಂದರೆ ಸುಮಾರು 7 ಗ್ರಾಂ, ಹೇಳಿಮಾಡಿಸಿದ್ದು. ಲೇಕ್‌ಗೆ 3/8 ಔನ್ಸ್ ಒಂದು ಇರಲಿ. ಅರ್ಧ ಔನ್ಸ್ ಈಗ ಬೇಡ. ಪಾಂಡ್‌ನಲ್ಲಿ ಅದನ್ನು ಮೇಲೆ ಇಟ್ಟುಕೊಳ್ಳಬೇಕಾದರೆ ರೀಲ್ ಜೋರಾಗಿ ಸುತ್ತಬೇಕು, ಇಲ್ಲದಿದ್ದರೆ ತಳದ ಪಾಚಿ ಬಾಚಿಕೊಂಡು ಬರುತ್ತದೆ.

ಬೂಯಾ ಕಂಪನಿಯ ಪಾಂಡ್ ಮ್ಯಾಜಿಕ್ ಅಂತ ಬರುತ್ತದೆ, 3/16 ಔನ್ಸ್, ಮೈ ಚಿಕ್ಕದು, ಸಣ್ಣ ಪಾಂಡಿಗೆ ಅಂತಲೇ ಮಾಡಿದ್ದು. ಸ್ಟ್ರೈಕ್ ಕಿಂಗ್‌ನ ಮಿನಿ ಕಿಂಗ್ ಇನ್ನೂ ಚಿಕ್ಕದು, 1/8 ಔನ್ಸ್. ಎರಡೂ ದುಬಾರಿ ಅಲ್ಲ. ವಾರ್ ಈಗಲ್ ತರದವು ಚೆನ್ನಾಗಿವೆ, ಆದರೆ ಬೆಲೆ ಜಾಸ್ತಿ. ಮೊದಲ ವರ್ಷಕ್ಕೆ ಅಗತ್ಯ ಇಲ್ಲ.

ಸುಮ್ನೆ_ಬಂದೆ

ಶೆಟ್ರು ಹೇಳಿದ್ದು ಸರಿ, ಆದರೆ ಪ್ರಶ್ನೆಯೇ ತಪ್ಪು ಅನ್ನುತ್ತೇನೆ ನಾನು. ಹೊಸಬರಿಗೆ ಸ್ಪಿನ್ನರ್‌ಬೇಟ್ ಯಾಕೆ? ಐದು ಇಂಚಿನ ಸಾಫ್ಟ್ ಪ್ಲಾಸ್ಟಿಕ್ ಹುಳದ ಒಂದು ಪ್ಯಾಕೆಟ್ ತಗೊಳ್ಳಿ. ಹುಳದ ಸೊಂಟಕ್ಕೆ ಕೊಕ್ಕೆ ಚುಚ್ಚಿ, ತೂಕ ಕಟ್ಟದೆ ಎಸೆಯಿರಿ. ತಾನೇ ಅಲ್ಲಾಡುತ್ತಾ ಇಳಿಯುತ್ತದೆ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ಪಾಂಡ್‌ನಲ್ಲಿ ಇದಕ್ಕಿಂತ ಜಾಸ್ತಿ ಬ್ಯಾಸ್ ಹಿಡಿಯುವ ವಸ್ತು ನನಗೆ ಗೊತ್ತಿಲ್ಲ.

ಟೆಕ್ಸಾಸಿನ ದಾಖಲೆ ಬ್ಯಾಸ್ 18.18 ಪೌಂಡ್, 1992ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದ್ದು. ಹಿಡಿದವರು ಬ್ಯಾಸ್ ಹುಡುಕಿಕೊಂಡು ಹೋಗಿರಲೇ ಇಲ್ಲ. ಕ್ರಾಪಿ ಅನ್ನೋ ಬೇರೆ ಮೀನು ಹಿಡಿಯೋಕೆ ಜೀವಂತ ಮಿನ್ನೋ (ಪುಟ್ಟ ಮೀನು) ಹಾಕಿದ್ದರು. ಇಂಥದ್ದೇ ಬೇಟ್ ಬೇಕು ಅಂತ ತಲೆ ಕೆಡಿಸಿಕೊಳ್ಳೋದು ನಮ್ಮ ಕಡೆಯ ಚಟ, ಮೀನಿನದ್ದಲ್ಲ.

ಏರಿಮೇಲೆ_ಶೆಟ್ರು

ಹುಳದಲ್ಲಿ ಮೀನು ಜಾಸ್ತಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಹುಳ ಹಾಕಿ ಕಾಯುವವರಿಗೆ ಕಚ್ಚಿದ್ದು ತಿಳಿಯಬೇಕಲ್ಲ? ಸಡಿಲ ಲೈನ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಹೊಸಬರು ಅದನ್ನು ಗಾಳಿ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಮೀನು ಕೊಕ್ಕೆ ನುಂಗಿರುತ್ತದೆ, ಗಂಟಲಿನಿಂದ ತೆಗೆಯುವುದು ಇನ್ನೊಂದು ಪಾಡು.

ಸ್ಪಿನ್ನರ್‌ಬೇಟ್ ತಾನೇ ಮಾತಾಡುತ್ತದೆ. ದುಂಡು ಬ್ಲೇಡ್ ಇದ್ದರೆ ಒಂದೊಂದು ಸುತ್ತೂ ರಾಡಿನ ಹಿಡಿಯವರೆಗೆ ಬಡಿತವಾಗಿ ಬರುತ್ತದೆ. ಧಕ್ ಧಕ್ ಧಕ್ ಅಂತ. ಬಡಿತ ಮಂದವಾಯಿತಾ, ಪಾಚಿ ಸಿಕ್ಕಿದೆ. ಒಮ್ಮೆ ತಡೆದು ಮತ್ತೆ ಶುರುವಾಯಿತಾ, ಮರದ ಬುಡಕ್ಕೆ ತಗುಲಿ ದಾಟಿದೆ. ಪೂರ್ತಿ ನಿಂತುಹೋಯಿತಾ, ಕೂಡಲೇ ಎಳೆಯಿರಿ, ಅದು ಮೀನು. ಬೇಟ್ ನೀರಿನೊಳಗೆ ಏನು ಮಾಡುತ್ತಿದೆ ಅಂತ ಕೈಗೆ ಕಲಿಸುವುದು ಇದೇ. ಕಲಿತ ಮೇಲೆ ಹುಳಕ್ಕೆ ಹೋಗಲಿ.

ಇನ್ನೊಂದು ದುಡ್ಡಿನ ವಿಷಯ. ದಡದಿಂದ ಎಸೆಯುವವರಿಗೆ ಖರ್ಚು ಬರುವುದು ಬೇಟ್ ಕೊಳ್ಳುವಾಗ ಅಲ್ಲ, ಕಳೆದುಕೊಳ್ಳುವಾಗ. ಬೋಟ್ ಇದ್ದವರು ಸಿಕ್ಕಿಹಾಕಿಕೊಂಡ ಬೇಟ್ ಹತ್ತಿರ ಹೋಗಿ ಆಚೆ ಕಡೆಯಿಂದ ಎಳೆದು ಬಿಡಿಸಿಕೊಳ್ಳುತ್ತಾರೆ. ನಾವು ಲೈನ್ ಕಿತ್ತುಕೊಂಡು ಬರಬೇಕು. ಎರಡು ಟ್ರೆಬಲ್ ಹುಕ್ (ಮೂರು ಮೊನೆಯ ಕೊಕ್ಕೆ) ಇರುವ ಕ್ರ್ಯಾಂಕ್‌ಬೇಟ್, ಅಂದರೆ ಮೀನಿನಾಕಾರದ ಗಟ್ಟಿ ಬೇಟ್, ಜೊಂಡಿನಲ್ಲಿ ಹೋದರೆ ಹೋದ ಹಾಗೇ. ಸ್ಪಿನ್ನರ್‌ಬೇಟ್‌ಗೆ ಇರುವುದು ಒಂದೇ ಕೊಕ್ಕೆ, ಅದೂ ಮೇಲ್ಮುಖ, ಎದುರಿಗೆ ತಂತಿ ಅಡ್ಡ ಇರುತ್ತದೆ. ಕೊಂಬೆ ಮೊದಲು ತಂತಿಗೆ ತಗಲುತ್ತದೆ, ಬೇಟ್ ಹತ್ತಿ ಇಳಿದು ಬರುತ್ತದೆ. ಅದಕ್ಕೇ ದಡದವರಿಗೆ ಇದು ಉಳಿತಾಯ.

ಡೆಂಟನ್_ಗೌಡ

ನಾನು ಆ 12ರ ಪ್ಯಾಕ್ ಪರವಾಗಿ ಒಂದು ಮಾತು ಹೇಳಲೇಬೇಕು. ರಿಪೇರಿ ಮಾಡುವ ಹುಚ್ಚು ಇದ್ದವರಿಗೆ ಅದು ಕಚ್ಚಾ ಸಾಮಾನು. ಬಾಲ್ ಬೇರಿಂಗ್ ಸ್ವಿವೆಲ್ ಬಿಡಿಯಾಗಿ ಸಿಗುತ್ತದೆ. ಬ್ಲೇಡ್ ತೂಗಿರುವುದು ಸ್ಪ್ಲಿಟ್ ರಿಂಗ್‌ನಲ್ಲಿ, ಬಿಚ್ಚಿ ಹಾಕುವುದು ಸುಲಭ. ಸ್ವಿವೆಲ್ ಬದಲಾಯಿಸಬೇಕಾದರೆ ತಂತಿಯ ತುದಿಯ ಸುರುಳಿಯನ್ನು ಮೂತಿ ಚೂಪಿನ ಇಕ್ಕಳದಲ್ಲಿ ಸ್ವಲ್ಪ ತೆಗೆದು ಮತ್ತೆ ಮುಚ್ಚಿದರಾಯಿತು. ಸ್ಕರ್ಟ್ ಕೂಡ ರಬ್ಬರ್ ಕಾಲರ್ ಸಮೇತ ಬಿಡಿ ಸಿಗುತ್ತದೆ.

ಆದರೆ ಲೆಕ್ಕ ಹಾಕಿದರೆ ಸ್ವಿವೆಲ್, ಸ್ಕರ್ಟ್ ಎಲ್ಲ ಸೇರಿ ಒಳ್ಳೆಯದರ ಬೆಲೆಗೇ ಬಂದು ನಿಲ್ಲುತ್ತದೆ. ತಂತಿ ಮಾತ್ರ ಏನು ಮಾಡಿದರೂ ಸುಧಾರಿಸಲ್ಲ. ಮೆದು ತಂತಿ ಒಂದು ಒಳ್ಳೆ ಮೀನು ಬಂದರೆ ಅಗಲವಾಗಿ ಬಾಯಿ ತೆರೆದುಕೊಳ್ಳುತ್ತದೆ. ಕೈಯಲ್ಲಿ ಬಾಗಿಸಿ ಸರಿಮಾಡಬಹುದು, ಆದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಮುರಿಯುತ್ತದೆ. ಟೈಟೇನಿಯಂ ತಂತಿಯದು ತಾನೇ ಮೊದಲಿನ ಆಕಾರಕ್ಕೆ ಬರುತ್ತದೆ, ಅದಕ್ಕೆ ಅದರ ಬೆಲೆಯೂ ಹಾಗೇ ಇದೆ.

ನಿಜವಾಗಿ ಅಗ್ಗವಾಗಬೇಕು ಅಂದರೆ ಬೇರೆ ದಾರಿ ಇದೆ. ಜಿಗ್ ಸ್ಪಿನ್ನರ್ ಅಂತ ಬರೀ ತಂತಿ ಮತ್ತು ಬ್ಲೇಡ್ ಮಾತ್ರ ಮಾರುತ್ತಾರೆ. ಅದನ್ನು ಕಾಲು ಔನ್ಸ್ ಜಿಗ್ ಹೆಡ್‌ನ (ಸೀಸದ ತಲೆ ಇರುವ ಕೊಕ್ಕೆ) ಕಣ್ಣಿಗೆ ಸಿಕ್ಕಿಸಿ. ಹಿಂದೆ ಮೂರು ಇಂಚಿನ ಬಾಲ ಅಲ್ಲಾಡುವ ಪ್ಲಾಸ್ಟಿಕ್ ಮೀನು ಚುಚ್ಚಿ. ಸ್ಪಿನ್ನರ್‌ಬೇಟ್ ತಯಾರು. ಪ್ಲಾಸ್ಟಿಕ್ ಹರಿದರೆ ಅದನ್ನಷ್ಟೇ ಬದಲಾಯಿಸಿ.

ಉಮಾ_ಪ್ಲೇನೋ

ಹೊಸಗಾಳ ಅವರೇ, ಬೇಟ್ ಬಗ್ಗೆ ಶೆಟ್ರು ನೋಡಿಕೊಳ್ಳುತ್ತಾರೆ. ಯಾರೂ ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಲೈಸೆನ್ಸ್ ಮಾಡಿಸಿದ್ದೀರಾ? ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಕ್ಕಳಿಗೆ ಬೇಡ, ದೊಡ್ಡವರಿಗೆ ಬೇಕು. ಇಲ್ಲಿನ ನಿವಾಸಿಗಳಿಗೆ ಸಿಹಿನೀರಿನದ್ದು 30 ಡಾಲರ್, ಆದರೆ ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿಯುವುದಾದರೆ ಲೈಸೆನ್ಸ್ ಬೇಡ, ಗೇಟಿನಲ್ಲಿ ಪ್ರವೇಶ ಶುಲ್ಕ ಕೊಟ್ಟರೆ ಸಾಕು. ರೇ ರಾಬರ್ಟ್ಸ್ ಲೇಕ್‌ನ ಐಲ್ ಡು ಬಾಯ್ ಪಾರ್ಕ್ ನಿಮಗೆ ದೂರವೇನಲ್ಲ. ಜೂನ್ ತಿಂಗಳ ಮೊದಲ ಶನಿವಾರ ರಾಜ್ಯದಲ್ಲೆಲ್ಲ ಯಾರಿಗೂ ಲೈಸೆನ್ಸ್ ಬೇಡ.

ಇಟ್ಟುಕೊಳ್ಳುವುದಾದರೆ ಲಾರ್ಜ್‌ಮೌತ್‌ಗೆ ಸಾಮಾನ್ಯ ನಿಯಮ ಕನಿಷ್ಠ 14 ಇಂಚು, ದಿನಕ್ಕೆ 5. ಕೆಲವು ಲೇಕ್‌ಗಳಿಗೆ ಬೇರೆ ನಿಯಮ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ಬಿಡಲೇಬೇಕು. ಮನೆ ಹಿಂದಿನ ಪಾಂಡ್ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಅವರದ್ದಾದರೆ ಮೊದಲು ಅವರ ನಿಯಮ ಓದಿ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ: ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದಲೂ ಬೇಗ ಬರುತ್ತದೆ, ಅಪ್ಪನ ಕಿವಿಯಿಂದಲೂ ಬೇಗ ಬರುತ್ತದೆ. ಎಲ್ಲರಿಗೂ ಕನ್ನಡಕ ಹಾಕಿಸಿ. ಸೀಸ ಮುಟ್ಟಿದ ಕೈ ತೊಳೆಯದೆ ಚಕ್ಕುಲಿ ಡಬ್ಬಿಗೆ ಕೈ ಹಾಕಬಾರದು. ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದಡದ ಹುಲ್ಲಿನಲ್ಲಿ ಫೈರ್ ಆಂಟ್ ಗೂಡು ಕಾಣಿಸುವುದೇ ಇಲ್ಲ, ಮೇಲೆ ನಿಂತ ಮೇಲೆಯೇ ಗೊತ್ತಾಗುವುದು. ಬೇಸಿಗೆಯಲ್ಲಿ ನೀರಿನಂಚಿನ ಕಲ್ಲು ಸಂದಿಯಲ್ಲಿ ಕಾಟನ್‌ಮೌತ್ ಹಾವೂ ಇರುತ್ತದೆ.

ನಮ್ಮ ಮನೆಯಲ್ಲಿ ಮಕ್ಕಳಿಗೆ ಕೊಡುವುದು ಬೀಟಲ್ ಸ್ಪಿನ್. ಗೌಡರು ಹೇಳಿದ ಜಿಗ್ ಸ್ಪಿನ್ನರ್‌ನದೇ ರೆಡಿಮೇಡ್ ರೂಪ, ಬೆಲೆ ಎಲ್ಲಕ್ಕಿಂತ ಕಡಿಮೆ. ಬ್ಯಾಸ್ ಬರದ ದಿನ ಬ್ಲೂಗಿಲ್, ಕ್ರಾಪಿ ಆದರೂ ಕಚ್ಚುತ್ತವೆ. ಏನೂ ಸಿಗದೆ ಅರ್ಧ ಗಂಟೆ ಕಳೆದರೆ ಮಕ್ಕಳು ಫೋನ್ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಹೊಸಗಾಳ_ಲಿಟಲ್‌ಎಲ್ಮ್

ಉಮಾ ಅಕ್ಕ, ಲೈಸೆನ್ಸ್ ನಿನ್ನೆಯೇ ಮಾಡಿಸಿದೆ. ಥ್ಯಾಂಕ್ಸ್. ಶೆಟ್ರೇ, ಅಂಗಡಿಗೆ ಹೋಗಿದ್ದೆ. ಬ್ಲೇಡ್ ವಿಷಯದಲ್ಲಿ ತಲೆ ತಿರುಗಿತು. ಕೊಲೊರಾಡೊ, ಇಂಡಿಯಾನಾ, ವಿಲೋ ಅಂತ ಮೂರು. ಕೆಲವಕ್ಕೆ ಒಂದು ಬ್ಲೇಡ್, ಕೆಲವಕ್ಕೆ ಎರಡು. ಬೆಳ್ಳಿ, ಬಂಗಾರ, ಬಣ್ಣ ಬಳಿದದ್ದು. ಏನು ತಗೊಳ್ಳಲಿ? ಊದುವ ಪರೀಕ್ಷೆ ಮಾಡಿದೆ, ಅಂಗಡಿ ಹುಡುಗ ಒಂದು ತರ ನೋಡಿದ.

ಏರಿಮೇಲೆ_ಶೆಟ್ರು

ನೋಡಲಿ ಬಿಡಿ.

ಕೊಲೊರಾಡೊ ದುಂಡಗೆ, ಆಳ ಬಟ್ಟಲಿನದು. ನೀರನ್ನು ಜಾಸ್ತಿ ತಳ್ಳುತ್ತದೆ, ಬಡಿತ ಜೋರು. ಬೇಟನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಅದಕ್ಕೇ ನಿಧಾನ ಎಳೆದರೂ ಮುಳುಗುವುದಿಲ್ಲ. ಬಗ್ಗಡ ನೀರು, ತಣ್ಣಗಿನ ನೀರು, ಕತ್ತಲೆ, ಇವಕ್ಕೆಲ್ಲ ಇದೇ. ವಿಲೋ ಉದ್ದ, ಎಲೆಯಂಥದು. ಬಡಿತ ಕಡಿಮೆ, ಹೊಳಪು ಜಾಸ್ತಿ, ವೇಗವಾಗಿ ಎಳೆಯಬಹುದು, ಹುಲ್ಲಿನ ನಡುವೆ ನುಸುಳುತ್ತದೆ. ತಿಳಿ ನೀರಿಗೆ ಸರಿ. ಇಂಡಿಯಾನಾ ಎರಡರ ನಡುವಿನದು, ಅದರ ಬಗ್ಗೆ ಈಗ ಯೋಚಿಸಬೇಡಿ.

ಪಾಂಡಿಗೆ ಕಾಲು ಔನ್ಸ್, ಒಂದೇ ಕೊಲೊರಾಡೊ ಬ್ಲೇಡ್, ಬಿಳಿ ಮತ್ತು ಶಾರ್ಟ್ರೂಸ್ (ಹಳದಿ ಮಿಶ್ರಿತ ಹಸಿರು) ಸ್ಕರ್ಟ್. ಇದು ಮೊದಲನೆಯದು, ಇದನ್ನೇ ಜಾಸ್ತಿ ಬಳಸುತ್ತೀರಿ. ಲೇಕಿಗೆ 3/8 ಔನ್ಸ್, ಮುಂದೆ ಚಿಕ್ಕ ಕೊಲೊರಾಡೊ ಹಿಂದೆ ವಿಲೋ ಇರುವ ಟ್ಯಾಂಡೆಮ್, ಬಿಳಿ ಸ್ಕರ್ಟ್. ಲೂಯಿಸ್‌ವಿಲ್‌ನಲ್ಲಿ ಬ್ಯಾಸ್ ತಿನ್ನುವುದು ಶ್ಯಾಡ್ ಮೀನನ್ನು, ಅದು ಬೆಳ್ಳಗಿರುತ್ತದೆ. ದುಡ್ಡು ಉಳಿದರೆ ಕಪ್ಪು ನೀಲಿಯದೊಂದು, ಮಳೆ ಬಂದು ನೀರು ಕದಡಿದ ದಿನಕ್ಕೆ.

ಬ್ಲೇಡ್ ಬಣ್ಣಕ್ಕೆ ಹಳಬರ ಲೆಕ್ಕ: ಬಿಸಿಲು, ತಿಳಿ ನೀರು ಇದ್ದರೆ ಬೆಳ್ಳಿ. ಮೋಡ, ಬಣ್ಣದ ನೀರು ಇದ್ದರೆ ಬಂಗಾರ. ನನ್ನ ಕೇಳಿದರೆ ಬೇಟ್ ಯಾವ ಆಳದಲ್ಲಿ ಹೋಗುತ್ತಿದೆ ಅನ್ನುವುದು ಇದಕ್ಕಿಂತ ಎಷ್ಟೋ ಮುಖ್ಯ.

ಇನ್ನೊಂದು, ಇದನ್ನು ಮರೆಯಬೇಡಿ. ಲೈನ್ ಕಟ್ಟುವ ಜಾಗ ಸುಮಾರು ಸ್ಪಿನ್ನರ್‌ಬೇಟ್‌ಗಳಲ್ಲಿ ಮುಚ್ಚಿದ ಕಣ್ಣು ಅಲ್ಲ, ಬರೀ ಬಾಗು. ಅದಕ್ಕೆ ಸ್ನ್ಯಾಪ್ (ತೆಗೆದು ಹಾಕುವ ಕೊಂಡಿ) ಹಾಕಬೇಡಿ. ಎಸೆದಾಗ ಸ್ನ್ಯಾಪ್ ತಂತಿಯ ಮೇಲೆ ಜಾರಿ ಬ್ಲೇಡ್ ಹತ್ತಿರ ಹೋಗಿ ಕೂರುತ್ತದೆ, ಬೇಟ್ ತಲೆಕೆಳಗಾಗಿ ಬರುತ್ತದೆ. ಲೈನನ್ನೇ ನೇರ ಕಟ್ಟಿ, ಪಾಲೋಮರ್ ಗಂಟು ಅಥವಾ ಇಂಪ್ರೂವ್ಡ್ ಕ್ಲಿಂಚ್. ಬಿಗಿಯುವ ಮುಂಚೆ ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ.

ರಾಲೀ_ರಾಘು

ನಾನು ನಾರ್ತ್ ಕೆರೊಲೈನಾ ಕಡೆಯವನು. ಇಲ್ಲಿ ಮಳೆ ಬಂದರೆ ಜೋರ್ಡನ್ ಲೇಕ್ ಕೆಮ್ಮಣ್ಣಿನ ಬಣ್ಣ. ಅಂಥ ದಿನ ಕೊಲೊರಾಡೊ ಬ್ಲೇಡ್ ಬಿಟ್ಟರೆ ಬೇರೆ ಮಾತಿಲ್ಲ. ಬ್ಯಾಸ್‌ಗೆ ಮೈ ಪಕ್ಕದಲ್ಲಿ ಒಂದು ಗೆರೆ ಇರುತ್ತದೆ, ನೀರಿನ ಅದಿರಾಟವನ್ನು ಅದರಿಂದ ಗ್ರಹಿಸುತ್ತದೆ. ಕಣ್ಣಿಗೆ ಕಾಣದಿದ್ದರೂ ಬಡಿತ ಹಿಡಿದು ಬರುತ್ತದೆ. ಆಗ ಕಪ್ಪು ಸ್ಕರ್ಟ್ ಹಾಕಿ, ನೆರಳಿನ ಆಕಾರ ಚೆನ್ನಾಗಿ ಕಾಣುತ್ತದೆ.

ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಗಾಳಿ ಬಂದು ಬಡಿಯುವ ದಡಕ್ಕೆ ಹೋಗಿ ನಿಲ್ಲಿ. ನಿಲ್ಲೋಕೆ ಕಷ್ಟ, ಟೋಪಿ ಹಾರುತ್ತದೆ, ಎಸೆದದ್ದು ಹತ್ತಿರವೇ ಬೀಳುತ್ತದೆ. ಆದರೂ ಅಲ್ಲೇ. ಸಣ್ಣ ಜೀವಿಗಳನ್ನು ಗಾಳಿ ಆ ಕಡೆಗೆ ತಳ್ಳುತ್ತದೆ, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ಬ್ಯಾಸ್. ಅಲೆ ಎದ್ದಿರುವಾಗ ಬೆಳಕು ಚೂರುಚೂರಾಗಿ ಬೀಳುವುದರಿಂದ ಮೀನಿಗೆ ನಮ್ಮ ತಂತಿ, ಕೊಕ್ಕೆ ಸರಿಯಾಗಿ ಕಾಣುವುದಿಲ್ಲ, ಬರೀ ಹೊಳಪು ಕಾಣುತ್ತದೆ. ಗಾಳಿ ಇಲ್ಲದ, ನೀರು ತಿಳಿಯಾದ ಮಧ್ಯಾಹ್ನ ಸ್ಪಿನ್ನರ್‌ಬೇಟ್ ಎಸೆಯುವುದು ದಂಡ. ಆಗ ‘ಸುಮ್ನೆ_ಬಂದೆ’ ಅವರ ಹುಳ ಹಾಕಿ.

ಸುಮ್ನೆ_ಬಂದೆ

ಕೊನೆಗೂ ಒಬ್ಬರು ನನ್ನ ಮಾತು ಅರ್ಧ ಒಪ್ಪಿದರು.

ಹೊಸಗಾಳ_ಲಿಟಲ್‌ಎಲ್ಮ್

ಕಾಲು ಔನ್ಸ್ ಕೊಲೊರಾಡೊ, 3/8 ಟ್ಯಾಂಡೆಮ್ ಎರಡೂ ಬಂತು. ಜೊತೆಗೆ ಉಮಾ ಅಕ್ಕ ಹೇಳಿದ ಬೀಟಲ್ ಸ್ಪಿನ್. ಎಲ್ಲ ಸೇರಿ 20 ಡಾಲರ್ ಒಳಗೇ ಆಯಿತು. ಪಾಂಡ್‌ನಲ್ಲಿ ಎಸೆದು ನೋಡಿದೆ. ಕಾಲು ಔನ್ಸಿನದು ನೆಟ್ಟಗೆ ಬರುತ್ತಿಲ್ಲ, ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತದೆ. ಹಾಳಾಗಿದೆಯಾ? ವಾಪಸ್ ಕೊಡಲಾ? ಎರಡು ಸಲ ಏನೋ ತಾಗಿದ ಹಾಗಾಯಿತು, ಆದರೆ ಕೊಕ್ಕೆಗೆ ಸಿಗಲಿಲ್ಲ.

ಇನ್ನೊಂದು ಮನೆ ವಿಷಯ. ಅಮ್ಮ ಊರಿನಿಂದ ಬಂದಿದ್ದಾರೆ. ‘ತಿನ್ನೋದಾದ್ರೆ ಹಿಡಿ. ಬಿಡೋಕೆ ಅಂತ ಹಿಡಿಯೋದಾದ್ರೆ ಅದಕ್ಕೆ ಯಾಕೆ ನೋವು ಕೊಡ್ತೀಯ’ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ ಗೊತ್ತಾಗುತ್ತಿಲ್ಲ.

ಏರಿಮೇಲೆ_ಶೆಟ್ರು

ವಾಪಸ್ ಬೇಡ. ಹೊಸದರಲ್ಲೂ ಹೀಗಾಗುತ್ತದೆ, ಒಂದು ಮೀನು ಹಿಡಿದ ಮೇಲಂತೂ ಖಂಡಿತ ಆಗುತ್ತದೆ. ಬೇಟನ್ನು ಮೂತಿ ನಿಮ್ಮ ಕಡೆ ಬರುವ ಹಾಗೆ ಎದುರಿಗೆ ಹಿಡಿದು ನೋಡಿ. ಮೇಲಿನ ತಂತಿ ಮತ್ತು ಕೆಳಗಿನ ಕೊಕ್ಕೆ ಒಂದೇ ಗೆರೆಯಲ್ಲಿ ಇರಬೇಕು. ಇಲ್ಲದಿದ್ದರೆ ಮೇಲಿನ ತಂತಿಯನ್ನು ಬೆರಳಲ್ಲೇ ಕೂದಲೆಳೆಯಷ್ಟು ಬಾಗಿಸಿ. ನೀರಿನಲ್ಲಿ ಬ್ಲೇಡ್ ಎಡಕ್ಕೆ ವಾಲುತ್ತಿದ್ದರೆ ತಂತಿಯನ್ನು ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ. ಪ್ರತಿ ಸಲ ಕಾಲ ಬುಡದಲ್ಲೇ ನೀರಿಗೆ ಇಳಿಸಿ ಒಂದು ಮಾರು ಎಳೆದು ನೋಡಿ. ನೆಟ್ಟಗಾದ ಮೇಲೆ ಎಸೆಯಿರಿ. ತುಂಬಾ ಜೋರಾಗಿ ಸುತ್ತಿದರೂ ವಾಲುತ್ತದೆ, ಅದನ್ನೂ ನೋಡಿಕೊಳ್ಳಿ.

ತಾಗಿ ಸಿಗದಿದ್ದಕ್ಕೆ ಕಾರಣ ಬಹುಶಃ ಸ್ಕರ್ಟ್. ಎಳೆಗಳು ಕೊಕ್ಕೆಯಿಂದ ತುಂಬಾ ಹಿಂದಕ್ಕೆ ಇಳಿಬಿದ್ದಿದ್ದರೆ ಮೀನು ಬಾಲ ಮಾತ್ರ ಕಚ್ಚಿ ಬಿಡುತ್ತದೆ. ಕೊಕ್ಕೆಯ ಬಾಗು ದಾಟಿ ಸ್ವಲ್ಪ ಉಳಿಯುವ ಹಾಗೆ ಕತ್ತರಿಸಿ. ಒಂದೇ ನೇರಕ್ಕೆ ಕತ್ತರಿಸಬೇಡಿ, ಹೆಚ್ಚು ಕಡಿಮೆ ಇರಲಿ. ಕಚ್ಚಿದಾಗ ಟಿವಿಯಲ್ಲಿ ತೋರಿಸುವ ಹಾಗೆ ರಾಡ್ ಮೇಲಕ್ಕೆ ಜಾಡಿಸುವುದೂ ಬೇಡ. ರೀಲ್ ಸುತ್ತುತ್ತಲೇ ರಾಡನ್ನು ಪಕ್ಕಕ್ಕೆ ಒಂದೇ ಎಳೆತ ಎಳೆಯಿರಿ.

ನಿಲ್ಲುವ ಜಾಗವೂ ಮುಖ್ಯ. ಹೋದವರೇ ನೀರಿನ ಅಂಚಿಗೆ ನಿಂತು ಕೆರೆಯ ನಡುವಿಗೆ ಎಸೆಯುತ್ತಾರೆ. ವಸಂತದಲ್ಲಿ ನೀರು 60 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಬರುತ್ತಿದ್ದ ಹಾಗೆ ಬ್ಯಾಸ್ ಮೊಟ್ಟೆಗೆ ಅಂತ ದಡಕ್ಕೇ ಬರುತ್ತವೆ. ನಿಮ್ಮ ಕಾಲ ಹತ್ತಿರವೇ ಇರುತ್ತವೆ. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಮೊದಲು ದಡದ ಉದ್ದಕ್ಕೆ ಎಸೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪ ಒಳಕ್ಕೆ. ಬೇಟ್ ನೀರು ಮುಟ್ಟುವ ಕ್ಷಣಕ್ಕೇ ರೀಲ್ ಸುತ್ತಲು ಶುರು ಮಾಡಿ. ಹತ್ತಿರದ ಗುರಿಗೆ ತಲೆ ಮೇಲಿಂದ ಬೀಸಿ ಎಸೆಯಬೇಡಿ, ಧೊಪ್ ಅಂತ ಬಿದ್ದು ಮೀನು ಓಡುತ್ತದೆ. ಒಕ್ಲಹೋಮದ ಜಿಮ್ಮಿ ಹ್ಯೂಸ್ಟನ್ ಅವರ ವಿಡಿಯೊ ನೋಡಿ, ಹಿಡಿದ ಮೀನಿಗೆಲ್ಲ ಮುತ್ತು ಕೊಟ್ಟು ಬಿಡುವ ಆಸಾಮಿ. ಮಣಿಕಟ್ಟು ತಿರುಗಿಸಿ ಕೆಳಗಿನಿಂದ ಎಸೆಯುವ ಅವರ ರೀತಿ ದಡದವರಿಗೆ ಬಹಳ ಉಪಯೋಗ.

ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಕರಾವಳಿಯವರು, ಹಿಡಿದದ್ದು ತಿನ್ನುತ್ತೇವೆ.

ಉಮಾ_ಪ್ಲೇನೋ

ನಮ್ಮದು ಸಸ್ಯಾಹಾರಿ ಮನೆ, ಹಿಡಿದು ಬಿಡುತ್ತೇವೆ. ನಮ್ಮ ಅತ್ತೆಯೂ ಇದೇ ಕೇಳಿದ್ದರು. ಅವರ ಮಾತಿನಲ್ಲಿ ನ್ಯಾಯ ಇದೆ ಅಂತಲೇ ನನಗೆ ಅನಿಸುತ್ತದೆ, ವಾದ ಮಾಡಲಿಲ್ಲ. ನಾನು ಮಾಡುವುದು ಇಷ್ಟು: ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ಮೀನನ್ನು ಹುಲ್ಲಿನ ಮೇಲೆ ಹಾಕುವುದಿಲ್ಲ. ದೊಡ್ಡದಾದರೆ ಬರೀ ದವಡೆ ಹಿಡಿದು ಅಡ್ಡ ತೂಗಿಸುವುದಿಲ್ಲ, ಹೊಟ್ಟೆಗೂ ಒಂದು ಕೈ ಕೊಡುತ್ತೇನೆ. ಒಂದು ಫೋಟೊ, ವಾಪಸ್ ನೀರಿಗೆ. ಜುಲೈ ಆಗಸ್ಟ್‌ನ ಸುಡುವ ಮಧ್ಯಾಹ್ನ ಹೋಗುವುದೇ ಇಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟರೂ ಉಳಿಯುವುದು ಕಷ್ಟ. ಒಂದೇ ಕೊಕ್ಕೆಯ ಬೇಟ್ ನನಗೆ ಇಷ್ಟವಾಗುವುದೂ ಇದಕ್ಕೇ.

ಡೆಂಟನ್_ಗೌಡ

ಒಂದು ಸೇರ್ಪಡೆ. ಬೇಟನ್ನು ಒದ್ದೆಯಾಗೇ ಡಬ್ಬಿಗೆ ಹಾಕಬೇಡಿ. ಎಷ್ಟು ಒಳ್ಳೆ ಬಾಲ್ ಬೇರಿಂಗ್ ಆದರೂ ತುಕ್ಕು ಹಿಡಿದರೆ ಅಗ್ಗದ್ದಕ್ಕಿಂತ ಕಡೆ. ಮನೆಗೆ ಬಂದು ಒಂದು ರಾತ್ರಿ ಹೊರಗೆ ತೂಗುಹಾಕಿ. ಹಿಂದೆ ಸಿಕ್ಕಿಸಿದ ಪ್ಲಾಸ್ಟಿಕ್ ಮೀನು ಇದ್ದರೆ ತೆಗೆದು ಬೇರೆ ಇಡಿ, ಅದರ ಬಣ್ಣ ಸ್ಕರ್ಟಿಗೆ ಹತ್ತಿ ಅಂಟಂಟಾಗುತ್ತದೆ. ಮೀನು ಬಂದ ಮೇಲೆ, ಕಲ್ಲಿಗೆ ತಗುಲಿದ ಮೇಲೆ, ಗಂಟಿನ ಮೇಲಿನ ಒಂದು ಅಡಿ ಲೈನನ್ನು ಬೆರಳಲ್ಲಿ ಸವರಿ ನೋಡಿ. ತರಿತರಿ ಅನಿಸಿದರೆ ಕತ್ತರಿಸಿ ಹೊಸದಾಗಿ ಕಟ್ಟಿ. 10 ಪೌಂಡ್ ಲೈನ್ ಪಾಂಡಿಗೆ ಸಾಕು. ಲೇಕ್‌ನಲ್ಲಿ ಮರದ ಬುಡಗಳ ನಡುವೆ ಎಸೆಯುವುದಾದರೆ 12ರಿಂದ 15ಕ್ಕೆ ಹೋಗಿ.

ಕೆಂಗೇರಿ_ಗಾಳ

ಬೆಂಗಳೂರಿನಿಂದ. ಇಲ್ಲಿ ಬ್ಯಾಸ್ ಇಲ್ಲ, ನಮಗೆ ಕೊರವ ಮೀನು, ಅದೇ ಮುರ್ರೆಲ್. ಸ್ಪಿನ್ನರ್‌ಬೇಟ್ ಕೆಲಸ ಮಾಡುತ್ತದಾ? ಎಲ್ಲರೂ ರಬ್ಬರ್ ಕಪ್ಪೆಯೇ ಅನ್ನುತ್ತಾರೆ.

ರಾಲೀ_ರಾಘು

ಕೆಲಸ ಮಾಡುತ್ತದೆ. ಊರಿಗೆ ಬಂದಾಗ ನಾನು ಒಂದೆರಡು ಜೇಬಿಗೆ ಹಾಕಿಕೊಂಡೇ ಬರುವುದು. ತಾವರೆ ಎಲೆ ಒತ್ತಾಗಿ ಮುಚ್ಚಿದ ಕಡೆ ಕಪ್ಪೆಯೇ ಸರಿ, ಅಲ್ಲಿ ಬ್ಲೇಡ್ ತಿರುಗಲು ಜಾಗ ಇರುವುದಿಲ್ಲ. ಎಲೆಗಳ ಅಂಚು, ತೂಬಿನ ಹತ್ತಿರದ ತೆರೆದ ನೀರು, ಇಲ್ಲಿ ಸ್ಪಿನ್ನರ್‌ಬೇಟ್ ಹಾಕಿ. ಕೊರವಕ್ಕೆ ಬ್ಯಾಸ್‌ಗಿಂತ ಚೂಪಾದ ಹಲ್ಲು ಇದೆ. ಸ್ಕರ್ಟ್ ಬೇಗ ಕಿತ್ತುಹೋಗುತ್ತದೆ, ಲೈನ್ ತುದಿಗೆ ದಪ್ಪ ಲೀಡರ್ (ಬಲವಾದ ಬೇರೆ ಲೈನಿನ ತುಂಡು) ಇರಲಿ. ತೆಳು ತಂತಿಯದು ಅಲ್ಲಿಗೆ ಬೇಡವೇ ಬೇಡ. ಕೆರೆ ಇಲಾಖೆಯದ್ದೋ, ಗುತ್ತಿಗೆಗೆ ಕೊಟ್ಟದ್ದೋ ಮೊದಲು ವಿಚಾರಿಸಿ. ಗುತ್ತಿಗೆದಾರರ ಕಾವಲಿನವರ ಹತ್ತಿರ ಮಾತು ಬೆಳೆಸುವುದಕ್ಕಿಂತ ಮುಂಚೆಯೇ ಕೇಳುವುದು ಒಳ್ಳೆಯದು.

ಟೊರೊಂಟೊ_ತಮ್ಮ

ತಡವಾಗಿ ಓದುತ್ತಿದ್ದೇನೆ. ನಾನು ಒಂಟಾರಿಯೊದಲ್ಲಿ ಇದ್ದೇನೆ. ಇದೇ ಎರಡು ಬೇಟ್ ತಗೊಂಡು ಏಪ್ರಿಲ್‌ನಲ್ಲಿ ಶುರು ಮಾಡಬಹುದಾ?

ಏರಿಮೇಲೆ_ಶೆಟ್ರು

ಬೇಟ್ ಅದೇ ಆಗುತ್ತದೆ, ಏಪ್ರಿಲ್ ಹೆಚ್ಚಿನ ಕಡೆ ಆಗುವುದಿಲ್ಲ. ಟೆಕ್ಸಾಸ್‌ನಲ್ಲಿ ವರ್ಷವಿಡೀ ಹಿಡಿಯಬಹುದು, ನಿಮ್ಮಲ್ಲಿ ಹೆಚ್ಚಿನ ಕಡೆ ವಸಂತದಲ್ಲಿ ಬ್ಯಾಸ್ ಸೀಸನ್ ಮುಚ್ಚಿರುತ್ತದೆ, ಮೊಟ್ಟೆ ಇಡುವ ಕಾಲ ಅಂತ. ನಿಮ್ಮ ವಲಯದ ನಂಬರ್ ಹುಡುಕಿ ದಿನಾಂಕ ನೋಡಿಕೊಳ್ಳಿ. ಸೀಸನ್ ಮುಚ್ಚಿರುವಾಗ ಬಿಡೋಕೆ ಅಂತ ಹಿಡಿದರೂ ತಪ್ಪೇ. ಅಲ್ಲಿಯವರೆಗೆ ಅರ ತಂದು ಕೊಕ್ಕೆ ಉಜ್ಜುತ್ತಿರಿ.